ಫಿರಂಗರೋಗವೂ ರೋಗಿಯ ಅಳಲೂ

ಉಪದಂಶ, ಫಿರಂಗ ಎಂಬ ಎರಡು ಗುಹ್ಯರೋಗಗಳನ್ನು ಒಂದೆಂದೇ ಎಣಿಸುವ ವಾಡಿಕೆ ಈಚಿನವರಲ್ಲಿ ಕೆಲವರಿಗುಂಟು. ಇದು ಸರಿಯಲ್ಲ. ಉಪದಂಶವು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿಯೇ ಉಕ್ತವಾಗಿದೆ. ಫಿರಂಗದ ಪ್ರಸ್ತಾಪವು ಅಲ್ಲಿಲ್ಲ. 16ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಇವೆರಡನ್ನೂ ಬೇರೆಬೇರೆ ಅಧಿಕಾರಗಳಲ್ಲಿ ನಿರೂಪಿಸಿರುವನು. ಫಿರಂಗವು ಆಗಂತುಜವ್ಯಾಧಿ, ಎಂದರೆ ಹೊರಗಿನ ಕಾರಣದಿಂದ ಬಂದುದು. ಫಿರಂಗಸ್ತ್ರೀಯರ ಸಂಭೋಗದಿಂದ ಮಾತ್ರವಲ್ಲದೆ ಆ ದೇಶದವರ ಅಂಗಸಂಸರ್ಗದಿಂದಲೂ ತಗಲತಕ್ಕದ್ದೆಂದು ಅವನ ಮತ.

ಈ ಹೆಸರಿನಲ್ಲಿಯೇ ಒಂದು ಆರೋಪವು ಅಡಗಿದೆ. 1495ರಲ್ಲಿ ನೇಪಲ್ಸ್ ನಗರದಲ್ಲಿದ್ದ ಫ್ರೆಂಚ್ ಸೇನೆಯಲ್ಲಿ ಈ ವ್ಯಾಧಿಯು ಉಲ್ಬಣಿಸಿದಾಗ ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು; ಫ್ರೆಂಚರು ನೇಪಲ್ಸಿನ ರೋಗವೆಂದರು; ರಷ್ಯದವರು ಪೋಲರ ಮೇಲೆ ಹೊರಿಸಿದರು. ನಮ್ಮವರು ಫಿರಂಗಿಗಳ ಮೇಲೆ ಹಾಕಿದರು. ತಪ್ಪು ಯಾವಾಗಲೂ ನೆರೆಯವನದೇ! ಭಾವಮಿಶ್ರನು ವಿಧಿಸಿದ ಔಷಧಗಳಲ್ಲಿ ಚೋಪಚೀನಿಯೂ ಒಂದು. ಚೀನದ ಹೆಸರನ್ನೇ ಹೊತ್ತಿದ್ದ ಆ ಬೇರಿಗೂ ಕನ್ನಡದಲ್ಲಿ ಪರಂಗಿಚಕ್ಕೆಯೆಂದೇ ಹೆಸರಾಯಿತು.

ಬಾಹ್ಯ, ಆಭ್ಯಂತರ, ಉಭಯಗತ ಎಂದು ಈ ರೋಗವು ಮೂರು ಬಗೆ. ಬಾಹ್ಯದಲ್ಲಿ ವಿಸ್ಫೋಟದಂತಹ ಗುಳ್ಳೆಗಳೇಳುವುವು, ನೋವು ಅಲ್ಪ. ಆಭ್ಯಂತರವು ಸಂಧಿಗಳನ್ನು ಹಿಡಿದು ಆಮವಾತದಂತೆ ಬಾಧಿಸುವುದು. ಉಪದ್ರವಗಳಲ್ಲಿ ಮೈ ಸೊರಗುವುದು, ಬಲ ಕುಂದುವುದು, ಎಲುಬು ಸೊಟ್ಟಗಾಗುವುದು ಇವುಗಳೊಡನೆ ನಾಸಾಭಂಗವೂ ಪಠಿತವಾಗಿದೆ. ಸಾಹಿತ್ಯಜ್ಞರು ಇಲ್ಲಿ ಸ್ವಲ್ಪ ನಿಲ್ಲಬೇಕು. ಶೂರ್ಪಣಖಿಯ ಪ್ರಸಂಗವನ್ನೂ ಪಂಚತಂತ್ರದ ನೇಕಾರನ ಕಥೆಯನ್ನೂ ಬಲ್ಲ ಸಮಾಜದಲ್ಲಿ ಮೂಗಿಲ್ಲದ ಮುಖವೆಂದರೆ ದಂಡನೆಗೊಳಗಾದ ಮುಖ. ವ್ರಣವನ್ನು ಬಟ್ಟೆಯು ಮರೆಮಾಡಬಲ್ಲುದು; ಕುಸಿದ ಮೂಗನ್ನು ಯಾವುದು ಮರೆಮಾಡೀತು? ಗಂಡನಿಂದ ರೋಗವನ್ನು ಪಡೆದ ಗೃಹಿಣಿಯೂ, ಗರ್ಭದಲ್ಲಿಯೇ ಪಡೆದ ಶಿಶುವೂ ಜಾರತ್ವದ ಗುರುತನ್ನೇ ಹೊತ್ತಂತಾಯಿತು. ಚಿಕಿತ್ಸೆಯಾದರೂ ಸುಲಭವಾಗಿರಲಿಲ್ಲ: ಪಾರದದ ರಸಕರ್ಪೂರವನ್ನು ಗೋಧಿಹಿಟ್ಟಿನ ಗುಳಿಗೆಯೊಳಗಿಟ್ಟು ಹಲ್ಲಿಗೆ ಸೋಕದಂತೆ ನುಂಗಬೇಕು, ಇಲ್ಲವಾದರೆ ಬಾಯಿ ಬಾತುಹೋಗುವುದು.

1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬ ಜರ್ಮನ್ ವಿದ್ವಾಂಸರು ಈ ವ್ಯಾಧಿಯ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. 1943ರಿಂದ ಪೆನಿಸಿಲಿನ್ ಇದನ್ನು ವಾಸಿಮಾಡತೊಡಗಿತು. ಆದರೆ ವ್ರಣವು ಮಾಗಿದೊಡನೆ ರೋಗಿಯ ಬಾಳು ಮೊದಲಿನಂತಾಗುವುದೆಂದು ಹೇಳಲಾಗದು. ಚರ್ಮರೋಗಿಯ ಜೀವನವನ್ನು ಅಳೆಯಲು ಫಿನ್ಲೇ, ಖಾನ್ ಎಂಬಿಬ್ಬರು 1994ರಲ್ಲಿ ರಚಿಸಿದ ಮಾನದಲ್ಲಿ ಪ್ರಶ್ನೆಗಳು 10, ಪರಮಾವಧಿ ಅಂಕಗಳು 30. ತುರಿಕೆ ನೋವುಗಳನ್ನು ಕೇಳುವುದು ಒಂದೇ ಪ್ರಶ್ನೆ. ಉಳಿದವು ಲಜ್ಜೆ, ಉಡುಪು, ಉದ್ಯೋಗ, ಸ್ನೇಹ, ದಾಂಪತ್ಯ ಮೊದಲಾದವುಗಳನ್ನು ಕುರಿತವು. ವೈದ್ಯನ ಕಣ್ಣಿಗೆ ಬೀಳದ ಭಾಗವೇ ಹೆಚ್ಚೆಂಬುದು ಇದರಿಂದ ವಿಶದವಾಗುವುದು. ಗುಹ್ಯರೋಗದಲ್ಲಿ ಆ ಭಾಗವು ಇನ್ನೂ ಗೂಢ. ಏಕೆಂದರೆ ಪ್ರಶ್ನೆಗೆ ಉತ್ತರ ಕೊಡುವುದೇ ರೋಗಿಗೆ ನಾಚಿಕೆ, ನಾಚಿ ತಡಮಾಡಿದಷ್ಟೂ ವ್ಯಾಧಿಯು ಒಳಸೇರುವುದು.

1955ರ ಹಿಂದೂ ವಿವಾಹಶಾಸನವು ಕುಷ್ಠವನ್ನೂ ಸಾಂಕ್ರಾಮಿಕಾವಸ್ಥೆಯ ಗುಹ್ಯರೋಗವನ್ನೂ ವಿಚ್ಛೇದನಕಾರಣಗಳ ಸಾಲಿಗೆ ಸೇರಿಸಿತ್ತು. 2019ರ ತಿದ್ದುಪಡಿಯಿಂದ ಕುಷ್ಠವು ಆ ಸಾಲಿನಿಂದ ಹೊರಬಂದಿತು. ಗುಹ್ಯರೋಗವು ಅಲ್ಲಿಯೇ ಉಳಿಯಿತು.