ಕುಡಿಯದವರ ಸಾಲಿನಲ್ಲಿ ನಿಂತವರು

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಭಾವನವರು ತಾರಸಿಯ ಮೆಟ್ಟಿಲು ಹತ್ತಿದರು. ಒಂದು ಕೈಯಲ್ಲಿ ಶೀಸೆ, ಇನ್ನೊಂದರಲ್ಲಿ ಖಾರದ ಕಡಲೆಕಾಯಿಬೀಜದ ತಟ್ಟೆ. ನನ್ನನ್ನೂ ಕರೆದರು, ಕುಡಿಯಲಲ್ಲ, ಮಾತಿಗೆ.

“ನೋಡಯ್ಯ ಮೇಷ್ಟ್ರೇ, ದಿನಕ್ಕೆ ಎರಡು ದೊಡ್ಡ ಪೆಗ್ಗು, ಅದರ ಮೇಲೆ ತೊಟ್ಟೂ ಇಲ್ಲ. ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದೆಂದು ಪತ್ರಿಕೆಯಲ್ಲೇ ಬರೆದಿದ್ದರು. ನಮ್ಮಣ್ಣನನ್ನು ನೋಡು, ಹನಿಯನ್ನೂ ಮುಟ್ಟುವುದಿಲ್ಲ. ಆದರೂ ವರ್ಷಕ್ಕೆರಡು ಸಲ ಆಸ್ಪತ್ರೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಇದಕ್ಕೇನು ಹೇಳುತ್ತೀ?”

ಕನ್ನಡ ಪಾಠ ಹೇಳಿ ಬದುಕುವ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ವೈದ್ಯಮಿತ್ರರೊಬ್ಬರನ್ನು ಪೀಡಿಸಿ, ಅವರು ಕೊಟ್ಟ ಪ್ರಬಂಧಗಳನ್ನು ಅವರಿಂದಲೇ ಅರ್ಥ ಹೇಳಿಸಿಕೊಂಡು ಓದಿದೆ.

ಭಾವನವರ ನಂಬಿಕೆ ಅವರು ತಾವೇ ಕಟ್ಟಿಕೊಂಡದ್ದಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಮದಾತ್ಯಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಚರಕಸಂಹಿತೆ, ವಿಧಿಯರಿತು ಸೇವಿಸಿದ ಮದ್ಯವನ್ನು ಅಲ್ಲಿಯೇ ಹೊಗಳಿಯೂ ಇದೆ. ಅಮೆರಿಕದ ರೇಮಂಡ್ ಪರ್ಲ್ ಎಂಬ ವಿಜ್ಞಾನಿ 1926ರಲ್ಲಿ ಅಂಕಿ ಅಂಶಗಳ ಪುಸ್ತಕವೊಂದನ್ನೇ ಬರೆದು, ಮಿತಪಾನಿಗಳ ಆಯುಸ್ಸಿಗೆ ಕುತ್ತೇನೂ ಇಲ್ಲವೆಂದು ವಾದಿಸಿದ. ಅನಂತರದ ಹಲವು ಗಣನೆಗಳಲ್ಲಿಯೂ ಅದೇ ಚಿತ್ರ. ಬಹಳ ಕುಡಿಯುವವರು ಬೇಗ ಸಾಯುತ್ತಾರೆ, ಸರಿ. ಏನನ್ನೂ ಕುಡಿಯದವರೂ ಸ್ವಲ್ಪ ಕುಡಿಯುವವರಿಗಿಂತ ಮೊದಲೇ ಸಾಯುತ್ತಾರೆ! ಗೆರೆ ಎಳೆದು ನೋಡಿದರೆ ಎರಡು ತುದಿ ಎತ್ತರ, ನಡುವೆ ತಗ್ಗು, ತೊಟ್ಟಿಲಿನ ಆಕಾರ.

ಈ ತೊಟ್ಟಿಲನ್ನು ಅಲುಗಾಡಿಸಿದವರು ಬ್ರಿಟನ್ನಿನ ಷೇಪರ್ ಮತ್ತು ಅವರ ಸಂಗಡಿಗರು. 24 ಪಟ್ಟಣಗಳಿಂದ 40ರಿಂದ 59 ವರ್ಷದ 7,735 ಗಂಡಸರನ್ನು ಆರಿಸಿ, ಏಳೂವರೆ ವರ್ಷಗಳ ಕಾಲ ಅವರ ಕ್ಷೇಮಸಮಾಚಾರವನ್ನು ಗಮನಿಸಿದರು. ಅಷ್ಟರಲ್ಲಿ 504 ಮಂದಿ ತೀರಿಕೊಂಡಿದ್ದರು. ಲೆಕ್ಕ ಹಾಕಿದಾಗ ಇಲ್ಲಿಯೂ ತೊಟ್ಟಿಲೇ ಕಂಡಿತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ‘ಕುಡಿಯದವರು’ ಎಂಬ ಸಾಲಿನಲ್ಲಿ ನಿಂತವರು ಯಾರು ಎಂದು ವಿಚಾರಿಸಿದರು. ಅವರಲ್ಲಿ ಹುಟ್ಟಾ ಮುಟ್ಟದವರ ಜೊತೆಗೆ, ಹಿಂದೆ ಕುಡಿಯುತ್ತಿದ್ದು ದೇಹ ಕೆಟ್ಟ ಮೇಲೆ ಬಿಟ್ಟವರೂ ಸೇರಿದ್ದರು. ತೊಟ್ಟಿಲಿನ ಆಕಾರ ಕಂಡದ್ದು, ಮೊದಲ ಪರೀಕ್ಷೆಯ ಹೊತ್ತಿಗೇ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿದ್ದವರ ಗುಂಪಿನಲ್ಲಿ ಮಾತ್ರ. ಕುಡಿಯದಿದ್ದುದರಿಂದ ಅವರು ರೋಗಿಗಳಾದದ್ದಲ್ಲ, ರೋಗಿಗಳಾದುದರಿಂದ ಕುಡಿಯದವರಾದರು. 1988ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮದ್ಯವು ಬಾಯಿ, ಗಂಟಲು, ಅನ್ನನಾಳ, ಯಕೃತ್ತುಗಳ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದ್ದೂ ಅದೇ ವರ್ಷವೇ.

ಆದರೂ ವಾದ ಮುಗಿಯಲಿಲ್ಲ. ಮಿತವಾಗಿ ಕುಡಿಯುವವರು ಎಷ್ಟೋ ಕಡೆ ಅನುಕೂಲಸ್ಥರು, ಹೊಟ್ಟೆಬಟ್ಟೆಗೆ ಚಿಂತೆಯಿಲ್ಲದವರು. ಆಯುಸ್ಸು ಪೆಗ್ಗಿನಿಂದ ಬಂತೋ ಆ ನೆಮ್ಮದಿಯಿಂದ ಬಂತೋ, ಬಿಡಿಸಿ ಹೇಳುವುದು ಹೇಗೆ? ಇದಕ್ಕೆ ಚೀನಾದಲ್ಲಿ ಒಂದು ದಾರಿ ದೊರೆಯಿತು. ನಾವು ಕುಡಿದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ. ಆಮೇಲೆ ಆ ವಿಷವನ್ನು ಕಳೆಯುತ್ತದೆ. ಪೂರ್ವ ಏಷ್ಯದ ಅನೇಕರಿಗೆ ಈ ಎರಡನೆಯ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಎರಡು ಗುಟುಕಿಗೇ ಮುಖ ಕೆಂಪೇರಿ ವಾಕರಿಕೆ ಬರುವುದರಿಂದ ಅವರು ಕುಡಿಯುವುದೇ ಅಪರೂಪ. ಹಣ, ರೋಗ, ಸ್ವಭಾವ ಯಾವುದನ್ನೂ ನೋಡದೆ ಪ್ರಕೃತಿಯೇ ಚೀಟಿಯೆತ್ತಿ ಹಂಚಿದಂತೆ! ಸುಮಾರು 1,60,000 ಜನರ ವಂಶವಾಹಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ತೊಟ್ಟಿಲು ಮಾಯವಾಗಿತ್ತು. ಗಂಡಸರಲ್ಲಿ ಕುಡಿತ ಏರಿದಂತೆಲ್ಲ ರಕ್ತದೊತ್ತಡವೂ ಏರಿತ್ತು, ಪಾರ್ಶ್ವವಾಯುವೂ ಏರಿತ್ತು. ಹೃದಯಾಘಾತದಿಂದ ರಕ್ಷಣೆ ಕಾಣಲಿಲ್ಲ. ಅದೇ ವಂಶವಾಹಿಗಳಿದ್ದ, ಆದರೆ ಕುಡಿಯುವ ರೂಢಿಯಿಲ್ಲದ ಹೆಂಗಸರಲ್ಲಿ ಇಂಥ ವ್ಯತ್ಯಾಸ ಇರಲಿಲ್ಲವೆಂದರೆ ಸಾಕು.

ಓದುತ್ತ ಓದುತ್ತ ನನಗೆ ಭಾವನವರ ತಾರಸಿ ನೆನಪಾಯಿತು. ನಮ್ಮಲ್ಲಿ ದೊಡ್ಡ ಪೆಗ್ಗೆಂದರೆ 60 ಮಿಲಿಲೀಟರ್. ನಮ್ಮ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರ. ತೂಕದಲ್ಲಿ ಪೆಗ್ಗಿಗೆ 20 ಗ್ರಾಂ. ದಿನಕ್ಕೆರಡರಂತೆ ವಾರಕ್ಕೆ 280 ಗ್ರಾಂ. ಚೀನಾದ ಪ್ರಬಂಧ ಅಳತೆಗೋಲಾಗಿ ಹಿಡಿದದ್ದೂ ಸರಿಯಾಗಿ ಇಷ್ಟೇ ಪ್ರಮಾಣವನ್ನು. ಅಷ್ಟಕ್ಕೆ ಪಾರ್ಶ್ವವಾಯುವಿನ ಅಪಾಯ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆಂದು ಅದರ ಎಣಿಕೆ. ಭಾವನವರ ‘ಮಿತ’ ಎಂದರೆ ಇದು. ಉಪ್ಪುಖಾರದ ಕಡಲೆಕಾಯಿಬೀಜದ ಲೆಕ್ಕವನ್ನು ನಾನು ಹಿಡಿದಿಲ್ಲ.

ಅಂದು ರಾತ್ರಿಯೇ ಫೋನು ಮಾಡಿದೆ. “ಭಾವ, ನಿಮ್ಮಣ್ಣ ಕುಡಿಯುವುದಿಲ್ಲ ಎಂದಿರಲ್ಲ, ಬಿಟ್ಟದ್ದು ಯಾವಾಗ?”

ಆ ಕಡೆ ಮಾತಿಲ್ಲ. ಅಕ್ಕ ಫೋನು ತೆಗೆದುಕೊಂಡಳು. “ಕಾಮಾಲೆಯಾಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರಲ್ಲ, ಆ ವರ್ಷ ಕಣೋ. ಅದಕ್ಕೆ ಮುಂಚೆ ಅಣ್ಣತಮ್ಮಂದಿರು ಇದೇ ತಾರಸಿಯ ಮೇಲೆ ಒಟ್ಟಿಗೇ ಕೂರುತ್ತಿದ್ದರು.”

ಮರುದಿನ ರಕ್ತದೊತ್ತಡ ನೋಡಿಸಿದರಂತೆ. ಮೇಲಿನ ಅಂಕಿ 168. ನಿತ್ಯ ಕುಡಿದ ದೇಹ ಒಮ್ಮೆಲೇ ಬಿಟ್ಟರೆ ನಡುಕ, ಸೆಳವು ಬರುವುದುಂಟು. ಆದ್ದರಿಂದ ವೈದ್ಯರು ಹಂತಹಂತವಾಗಿ ಇಳಿಸಲು ಹೇಳಿದ್ದಾರೆ. ಈಗ ಒಂದು ಪೆಗ್ಗಿಗೆ ಇಳಿದಿದೆ ಎಂದು ಅಕ್ಕನ ವರದಿ. ಆ ಒಂದನ್ನು ಅಳೆಯುವ ಲೋಟವನ್ನು ಈಗ ಅವಳೇ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾಳೆ.