ಬಾಗಿಲೊಳಗೇ ಉಳಿದ ಹಕ್ಕು

ವೀಕ್ಷಕರೇ, ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಹಳೇ ಲೆಕ್ಕ. ಅದೂ ಗಣತಿಯವರು ಬಾಗಿಲಿಗೆ ಬಂದಾಗ ಮನೆಯವರು ಹೇಳಿದವರದ್ದು ಮಾತ್ರ. ಹೇಳದೇ ಇದ್ದವರು? ನೆಂಟರು ಬಂದಾಗ ಒಳಕೋಣೆಗೆ ಕಳಿಸೋ ಮಗು? ಅದು ಯಾವ ಲೆಕ್ಕಕ್ಕೂ ಸಿಗಲ್ಲ.

ಯಾಕೆ ಹೇಳಲ್ಲ? ಒಂದು ಮನೆಯಲ್ಲಿ ಹೋದ ಜನ್ಮದ ಪಾಪ ಅಂತಾರೆ. ಇನ್ನೊಂದರಲ್ಲಿ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಅಂತ ತಾಯಿಯ ತಲೆಗೇ ಕಟ್ಟುತ್ತಾರೆ. ಮತ್ತೊಂದೆಡೆ ಕೆಟ್ಟ ಕಣ್ಣು ಬಿತ್ತು, ದೈವ ಮುನಿಯಿತು. ಜಾತಿ ಬೇರೆ, ಧರ್ಮ ಬೇರೆ, ಭಾಷೆ ಬೇರೆ. ಭಯ ಮಾತ್ರ ಒಂದೇ: 'ಹೊರಗೆ ಗೊತ್ತಾದ್ರೆ ಇವನ ಅಕ್ಕನಿಗೆ ಗಂಡು ಸಿಗುತ್ತಾ?'

ಈಗ ಕಾನೂನು ಏನು ಹೇಳುತ್ತೆ ನೋಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಕಾಯ್ದೆಯಲ್ಲಿ ವೈಕಲ್ಯದ ಬಗೆಗಳು 7 ಇದ್ದವು, ಇದರಲ್ಲಿ 21. ಆಟಿಸಂ ಇದೆ, ಪಾರ್ಕಿನ್ಸನ್ ಇದೆ, ಆ್ಯಸಿಡ್ ದಾಳಿಗೆ ತುತ್ತಾದವರಿದ್ದಾರೆ. ವೈಕಲ್ಯ ಶೇಕಡಾ 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ಕೆಲಸದಲ್ಲಿ ಶೇಕಡಾ 4 ಮೀಸಲಾತಿ. ನಾಲ್ಕು ಜನರೆದುರು ಬೇಕಂತಲೇ ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷ ಜೈಲು. ಇದನ್ನೆಲ್ಲ ಜನರಿಗೆ ತಿಳಿಸುವುದೂ ಸರ್ಕಾರದ ಕರ್ತವ್ಯ ಅಂತ ಅದೇ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತೆ.

ಹಾಗಾದರೆ ತಿಳಿದಿದೆಯಾ? ಸಿಕಲ್ ಸೆಲ್ ಕಾಯಿಲೆಯನ್ನೇ ತಗೊಳ್ಳಿ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಇದು ಇದೆ. ರಕ್ತದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತೆ, ಮೈಕೈ ತಡೆಯಲಾರದ ನೋವು. ಹೊರಗಿನವರ ಕಣ್ಣಿಗೆ ಏನೂ ಕಾಣಲ್ಲ. ಕೂಲಿಗೆ ಹೋಗದಿದ್ದರೆ ಮೈಗಳ್ಳ ಅಂತಾರೆ. ಈ ಕಾಯಿಲೆಯೂ ಆ 21ರ ಪಟ್ಟಿಯಲ್ಲಿದೆ ಅಂತ ಸೋಲಿಗರ ಹುಡುಗನಿಗೆ, ಜೇನುಕುರುಬರ ತಾಯಿಗೆ ಅವರ ಮಾತಿನಲ್ಲೇ ಕೂತು ಹೇಳಿದವರು ಎಷ್ಟು ಜನ?

ನಾನು ಓದಿದ್ದು ಇಂಜಿನಿಯರಿಂಗ್. ಸಿಗ್ನಲ್ ಎಷ್ಟೇ ಜೋರಾಗಿರಲಿ, ರಿಸೀವರ್ ಬೇರೆ ಫ್ರೀಕ್ವೆನ್ಸಿಯಲ್ಲಿದ್ದರೆ ಕೇಳಿಸೋದು ಬರೀ ಗೊರಗೊರ. ಕಚೇರಿ ಕನ್ನಡದ ಪೋಸ್ಟರ್ ಬ್ಯಾರಿ, ಲಂಬಾಣಿ, ಉರ್ದು ಮಾತಾಡೋ ಮನೆಯೊಳಗೆ ಹಾಗೇ ಕೇಳಿಸುತ್ತೆ. ಕಿವುಡರಿಗೆ ಸಂಜ್ಞೆಭಾಷೆ, ಅಂಧರಿಗೆ ಬ್ರೈಲ್ ಇಲ್ಲದಿದ್ದರೆ ಅದೂ ಇಲ್ಲ.

ಹಾಗಂತ ನಮ್ಮ ಸಂಪ್ರದಾಯಗಳಲ್ಲಿ ಬರೀ ಮೂಢನಂಬಿಕೆ ಇದೆ ಅಂತ ತಿಳೀಬೇಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳೂ ಅಂಧರು, ಪುಟ್ಟರಾಜ ಗವಾಯಿಗಳೂ ಅಂಧರು. ಅಂಧ ಮಕ್ಕಳಿಗೆ ಅನ್ನ ಹಾಕಿ, ಸಂಗೀತ ಕಲಿಸಿ, ನಾಡೇ ಕೈಮುಗಿಯುವಂಥ ಪರಂಪರೆ ಕಟ್ಟಿದರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಆದರೆ ನಾವು ಮಾಡಿದ್ದೇನು? ಅಂಧ ಮಗು ಅಂದ್ರೆ ಹಾರ್ಮೋನಿಯಂ ಕೊಡಿಸಿ ಅಂದುಬಿಟ್ವಿ. ಆ ಮಗುವಿಗೆ ಬ್ಯಾಂಕ್ ಕೆಲಸ ಬೇಕಿರಬಹುದು, ವಕೀಲಿಕೆ ಬೇಕಿರಬಹುದು. ಗೌರವ ಕೊಟ್ಟಾಕ್ಷಣ ಹಕ್ಕು ಕೊಟ್ಟ ಹಾಗಲ್ಲ.

ಹೇಳುವವರು ಯಾರು? ಶುಕ್ರವಾರ ಮಸೀದಿಯಲ್ಲಿ, ಭಾನುವಾರ ಚರ್ಚಿನಲ್ಲಿ, ಮಠದ ಜಾತ್ರೆಯಲ್ಲಿ, ತಾಂಡಾದ ಕಟ್ಟೆಯಲ್ಲಿ ಐದು ನಿಮಿಷ ಕೊಟ್ಟರೆ ಸಾಕು. ಆ ಐದು ನಿಮಿಷ ಮಾತಾಡಬೇಕಾದವರು ಗುರುಗಳಲ್ಲ, ಅದೇ ಸಮುದಾಯದ ವಿಕಲಚೇತನರು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ಮೊದಲ ಮೈಕ್ ಅವರ ಕೈಗೆ ಕೊಡಿ. ಮೈಕ್ ಇರೋ ಜಾಗಕ್ಕೆ ಗಾಲಿಕುರ್ಚಿ ಹೋಗುತ್ತಾ, ಅದನ್ನೂ ನೋಡಿ.

ನಮ್ಮ ದೃಶ್ಯ ಮಾಧ್ಯಮಕ್ಕೂ ಪಾಲಿದೆ. ವಿಕಲಚೇತನರನ್ನು ನಗೆಪಾಟಲು ಮಾಡಿ ತೋರಿಸಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದರೂ ಕಾಮಿಡಿ ಶೋಗಳಲ್ಲಿ ಉಗ್ಗು ಇನ್ನೂ ನಗೆಯ ಸರಕು, ಕುಂಟು ಕಾಲು ಇನ್ನೂ ಪಂಚ್‌ಲೈನ್. ಮನೆಮಂದಿ ಅದಕ್ಕೆ ನಕ್ಕರೆ, ಒಳಕೋಣೆಯಲ್ಲಿರೋ ಮಗುವಿಗೆ ಆ ನಗು ಕೇಳಿಸುತ್ತೆ.

ನಿಮ್ಮ ಬೀದಿಯಲ್ಲಿ ಅಂಥ ಮನೆ ಇದ್ದರೆ ಅಯ್ಯೋ ಪಾಪ ಅನ್ನಬೇಡಿ. ಯುಡಿಐಡಿ ಕಾರ್ಡ್ ಆಗಿದೆಯಾ, ಮಗು ಶಾಲೆಗೆ ಹೋಗ್ತಿದೆಯಾ ಅಂತ ಕೇಳಿ. ಆಗಿಲ್ಲ ಅಂದ್ರೆ ಪಂಚಾಯಿತಿವರೆಗೆ ಜೊತೆಗೆ ಹೋಗಿ ಬನ್ನಿ. ಅವರ ಮನೆಮಾತು ನಿಮಗೆ ಬರುತ್ತೆ ಅಂದ್ರೆ, ಆ ಮಾತಲ್ಲೇ ಕೇಳಿ.