ಶಿಶುವಿನ ಕಿವಿ, ಪ್ರೌಢನ ನಾಲಗೆ

ಉತ್ತರ ಭಾರತದಿಂದ ಔರಾದಿಗೆ ವರ್ಗವಾಗಿ ಬಂದ ಓದುಗರೊಬ್ಬರು, ತಮ್ಮ ಎಳೆಯ ಮಗಳು ಓಣಿಯಲ್ಲಿ ಆಡುತ್ತಾಡುತ್ತಲೇ ಕನ್ನಡ ಮರಾಠಿಗಳೆರಡನ್ನೂ ವಶಮಾಡಿಕೊಂಡಳೆಂದೂ, ತಾವಾದರೋ ಪುಸ್ತಕ ಹಿಡಿದು ಕುಳಿತರೂ ‘ಹಳ್ಳಿ’ ಎನ್ನಹೋಗಿ ‘ಹಲ್ಲಿ’ ಎಂದು ನಗೆಗೀಡಾಗುತ್ತಿರುವುದಾಗಿಯೂ ಬರೆದು, ಇದಕ್ಕೆ ಕಾರಣವೇನೆಂದು ಕೇಳಿದ್ದಾರೆ.

ಮೊದಲು ಮಂದವಾಗುವುದು ಕಿವಿ. ಕೆನಡಾದ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದಿಯ ತಕಾರ ಟಕಾರಗಳ ಭೇದವನ್ನು ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳು ಸಲೀಸಾಗಿ ಗುರುತಿಸಿದವು. 10-12 ತಿಂಗಳ ಕೂಸುಗಳಲ್ಲಾದರೋ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಕಿವಿಗೆ ಬೀಳದ ಭೇದವನ್ನು ಕೂಸು ಕೈಬಿಡುತ್ತದೆ. ಹಾಗೆಂದು ಅದು ಶಾಶ್ವತ ಕಿವುಡಲ್ಲ: ಇಂಗ್ಲಿಷಿನ ರಕಾರ ಲಕಾರಗಳಲ್ಲಿ ತೊಡಕುವ ಜಪಾನೀಯರಿಗೆ ಅನೇಕ ಕಂಠಗಳ ಉಚ್ಚಾರಣೆಯನ್ನು ಕೇಳಿಸಿ ಅಭ್ಯಾಸ ಮಾಡಿಸಿದಾಗ ಅವರ ವಿವೇಚನೆ ಸುಧಾರಿಸಿತೆಂದು ಡೇವಿಡ್ ಪಿಸೋನಿಯವರ ಬಳಗ 1991ರಲ್ಲಿ ತೋರಿಸಿತು. ನಮ್ಮ ಓದುಗರೂ ಒಬ್ಬ ಶಿಕ್ಷಕರನ್ನೇ ನೆಚ್ಚದೆ ಸಂತೆಗೆ ಹೋಗಿ ಕಿವಿಗೊಡುವುದು ಲೇಸು.

ಬೀದರಿನ ಬಿದರಿ ಕೆಲಸವನ್ನು ಕಂಡವರು ಈ ಅಂತರವನ್ನು ಸುಲಭವಾಗಿ ಗ್ರಹಿಸಿಯಾರು. ಸತು ತಾಮ್ರಗಳ ಕರಗಿದ ಮಿಶ್ರಣವು ಅಚ್ಚಿಗೆ ಹೊಯ್ದೊಡನೆ ತಾನಾಗಿ ಆಕಾರ ತಳೆಯುತ್ತದೆ. ತಣಿದ ಮೇಲಾದರೋ ಉಳಿಯಿಂದ ಗೆರೆಗೆರೆಯನ್ನೂ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದಾಗಲೇ ಚಿತ್ತಾರ ಮೂಡುವುದು. ಮಾತೃಭಾಷೆ ಎರಕ, ಆಮೇಲಿನದು ಕೆತ್ತನೆ. ಕೆತ್ತನೆ ಕೀಳೆಂದು ಬೀದರಿನಲ್ಲಿ ಯಾರೂ ಹೇಳರು.

ಮಕ್ಕಳೇ ಸದಾ ಮುಂದೆಂಬ ಜನಪ್ರಿಯ ನಂಬಿಕೆಯನ್ನು ನಾನಂತೂ ಒಪ್ಪಲಾರೆನು. ನೆದರ್ಲೆಂಡ್ಸಿನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಕ್ಯಾಥರೀನ್ ಸ್ನೋ ಮತ್ತು ಅವರ ಸಹೋದ್ಯೋಗಿ ಪರೀಕ್ಷಿಸಿ 1978ರಲ್ಲಿ ವರದಿ ಮಾಡಿದಂತೆ, ಅತಿವೇಗವಾಗಿ ಮುಂದುವರಿದವರು 12-15 ವಯಸ್ಸಿನವರು, ಹಿಂದುಳಿದವರು 3-5ರ ಪುಟಾಣಿಗಳು. ಆರಂಭದಲ್ಲಿ ಪ್ರೌಢರೂ ಈ ಪುಟಾಣಿಗಳಿಗಿಂತ ಮುಂದಿದ್ದರು. ಬಾಲ್ಯದ ಮೇಲುಗೈ ಕಾಣುವುದು ವರ್ಷಗಳು ಕಳೆದ ಮೇಲೆ, ಮುಖ್ಯವಾಗಿ ಉಚ್ಚಾರಣೆಯಲ್ಲಿ.

ಇನ್ನು ಲಿಪಿಯ ಮಾತೇ ಬೇರೆ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯೆಂದರೆ ಉರ್ದುವೇ ಆಗಿದ್ದಾಗ, ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಆ ಮಕ್ಕಳಿಗೆ ಮಾತು ತಾಯಿಯ ಮಡಿಲಲ್ಲೇ ದೊರೆತಿತ್ತು, ಅಕ್ಷರಕ್ಕೆ ಮಾತ್ರ ಗುರು ಬೇಕಾಗಿತ್ತು, ಏಕೆಂದರೆ ಬರಹವು ಯಾವ ವಯಸ್ಸಿನವರಿಗೂ ತಾನಾಗಿ ಒದಗುವಂಥದಲ್ಲ. ಮನೆಯಲ್ಲಿ ಕನ್ನಡವಾಡುತ್ತ ಉರ್ದುವಿನಲ್ಲಿ ಓದಿದ್ದ ಹಿರಿಯರು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, ಅದೇ ಅಕ್ಷರಗಳನ್ನು ನಡುವಯಸ್ಸಿನಲ್ಲಿ ತಿದ್ದಬೇಕಾಯಿತು.